ವರ್ನಾಳ ಎಡಗಿವಿ

ನನ್ನ ಹೆಂಡತಿ ವರ್ನಾಳ ಎಡಗಿವಿಯ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಲಕ್ಷಣವಾದ ಕಿವಿ. ಆದರೆ ಹೆಂಡತಿಯ ಕಣ್ಣು ಫೋಟೊದಲ್ಲಿ ಹಿಡಿದಿಡಬೇಕೆಂದು ಅಷ್ಟು ಆಸೆಪಟ್ಟು ಲೆನ್ಸು ತಂದವನಿಗೆ ಪ್ರತಿ ಸಲವೂ ಕಿವಿಯೇ ಗಂಟುಬಿದ್ದರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಸಂಗತಿ ಇಷ್ಟು. ಉತ್ತರ ಡಕೋಟದಲ್ಲಿರುವ ಅವಳ ಅಕ್ಕ ಇಂಗಾ ಮಂಜಿನ ಮೇಲೆ ಜಾರಿ ಸೊಂಟ ಮುರಿದುಕೊಂಡಳು. ಮುಂದಿನ ವಾರ ಆರೈಕೆಗೆ ಹೋಗುವುದೆಂದು ವರ್ನಾ ತೀರ್ಮಾನಿಸಿದಳು. ಕೆರೆಯ ಮೇಲಿನ ಹಿಮ ಕರಗುವ ತನಕ ಬರುವುದಿಲ್ಲವೆಂದಳು. ನಮ್ಮ ಮಿನೆಸೋಟದ ಹಿಮಕ್ಕೆ ಕರಗುವ ಆತುರವೇ ಇರುವುದಿಲ್ಲ. ‘ನೀನಿಲ್ಲದೆ ನನಗೆ ಆಗೋದಿಲ್ಲ’ ಎಂದು ನಾನು ಹೇಳಬೇಕಿತ್ತು. ಆದರೆ ನಮ್ಮ ಕಡೆಯ ಗಂಡಸರು ಅಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುವವರಲ್ಲ. ನಮ್ಮಪ್ಪನಿಗೆ ಅಮ್ಮನ ಮೇಲೆ ಪ್ರೀತಿ ಉಕ್ಕಿದಾಗ ಅವಳ ಕಾರಿನ ಆಯಿಲ್ ಬದಲಿಸುತ್ತಿದ್ದ. ನಾನು “ರಸ್ತೆ ನೋಡ್ಕೊಂಡು ಹೋಗು” ಎಂದೆ. ಮರುದಿನ ಪೇಟೆಗೆ ಹೋಗಿ ನನ್ನ ಕ್ಯಾಮೆರಾಕ್ಕೊಂದು ಹೊಸ ಲೆನ್ಸು ತಂದೆ.

ಅದು ದೊಡ್ಡ ಬಾಯಿಯ ಲೆನ್ಸು. ಬಾಯಿ ಪೂರ್ತಿ ತೆರೆದರೆ ಅಡುಗೆಮನೆಯ ಮಂಕು ಬೆಳಕೂ ಸಾಕು. ಹಿಂದಿರುವ ಕಪಾಟು, ತೊಳೆಯದ ಪಾತ್ರೆ ಎಲ್ಲವೂ ಬೆಣ್ಣೆಯಂತೆ ಕರಗಿಹೋಗುತ್ತವೆ. (ಪಾತ್ರೆ ತೊಳೆಯುವ ಸರದಿ ನನ್ನದಾಗಿದ್ದುದರಿಂದ ಈ ಗುಣ ನನಗೆ ಬಹಳ ಹಿಡಿಸಿತು.) ಆದರೆ ಸ್ಪಷ್ಟವಾಗಿ ಬೀಳುವುದು ಕಾಗದದ ಹಾಳೆಯಷ್ಟು ತೆಳ್ಳಗಿನ ಜಾಗ ಮಾತ್ರ. ಕಣ್ಣು ಆ ಹಾಳೆಯ ಮೇಲಿದ್ದರೆ ಕಿವಿ ಮಸುಕು, ಕಿವಿ ಇದ್ದರೆ ಕಣ್ಣು ಮಸುಕು. ಕಣ್ಣಿಗೆ ಗುರಿಯಿಟ್ಟು ಗುಂಡಿಯನ್ನು ಅರ್ಧ ಒತ್ತಿದರೆ ಅಷ್ಟು ದೂರಕ್ಕೇ ಗುರಿಗೆ ಬೀಗ ಬೀಳುತ್ತದೆ, ಪೂರ್ತಿ ಒತ್ತಿದರೆ ಫೋಟೊ.

ವರ್ನಾಳನ್ನು ಕಿಟಕಿಯ ಪಕ್ಕ, ಮುಖ ತುಸು ಓರೆಯಾಗಿಸಿ ಪ್ರತಿಷ್ಠಾಪಿಸಿದೆ.

“ಉಸಿರಾಡಬಹುದಾ?” ಎಂದಳು.

“ಆಡು. ಹಿಂದೆ ಮುಂದೆ ಮಾತ್ರ ಆಡಬೇಡ.”

ಒತ್ತಿ ನೋಡಿದೆ. ಕಿವಿಯ ಓಲೆಯ ಮೇಲಿನ ಗೀರು ಕೂಡ ಕಾಣುತ್ತಿತ್ತು. ಕಣ್ಣು ಮಾತ್ರ ಗಂಜಿಯಲ್ಲಿ ಅದ್ದಿದಂತಿತ್ತು. ಇನ್ನೊಂದು ತೆಗೆದೆ. ಕಿವಿ. ಮತ್ತೊಂದು ತೆಗೆದೆ. ಅದೇ ಕಿವಿ, ಇನ್ನಷ್ಟು ವೈಭವದಿಂದ.

“ಇಷ್ಟು ವರ್ಷ ನನ್ನ ಮಾತು ನಿನ್ನ ಕಿವಿಗೆ ಬೀಳಲಿಲ್ಲ. ಈಗ ನನ್ನ ಕಿವಿ ಹಿಂದೆ ಬಿದ್ದಿದೀಯಲ್ಲೋ ಓರಿನ್.”

ಲೆನ್ಸೇ ಕೆಟ್ಟಿದೆಯೆಂದು ತೀರ್ಪು ಕೊಟ್ಟೆ. ಸಾಕ್ಷಿಗಾಗಿ ಮೇಜಿನ ಮೇಲೆ ಉಪ್ಪಿನ ಡಬ್ಬಿಯನ್ನೂ ಅದರ ಹಿಂದೆ ಮೆಣಸಿನ ಡಬ್ಬಿಯನ್ನೂ ನಿಲ್ಲಿಸಿದೆ. ಉಪ್ಪಿನ ಡಬ್ಬಿಗೆ ಗುರಿಯಿಟ್ಟರೆ ಅದರ ಒಂದೊಂದು ತೂತೂ ಸ್ಪಷ್ಟ. ಡಬ್ಬಿ ಸರಿಸಿ ಅಷ್ಟೇ ದೂರದಲ್ಲಿ ವರ್ನಾಳನ್ನು ಕೂರಿಸಿದರೆ ಕಿವಿ.

ಅವಳು ನನ್ನನ್ನೇ ಗಮನಿಸುತ್ತಿದ್ದಳು. “ಉಪ್ಪಿನ ಡಬ್ಬಿ ಫೋಟೊ ತೆಗೆಯೋವಾಗ ನೀನು ಕಂಬದ ಹಾಗೆ ನಿಂತಿರ್ತೀಯ. ನನ್ನ ತೆಗೆಯೋವಾಗ ಅರ್ಧ ಒತ್ತಿಬಿಟ್ಟು ಮುಂದಕ್ಕೆ ಬಾಗ್ತೀಯ. ನೀನು ಎರಡು ಬೆರಳು ಮುಂದೆ ಬಂದ್ರೆ ನಿನ್ನ ಗುರಿನೂ ಎರಡು ಬೆರಳು ಮುಂದೆ ಬರತ್ತೆ. ಕಣ್ಣು ದಾಟಿ ಕಿವಿಗೆ ಹೋಗತ್ತೆ.”

“ನಾನ್ಯಾಕೆ ಬಾಗಲಿ?”

“ಅದನ್ನ ನೀನೇ ಹೇಳಬೇಕು. ಹತ್ತಿರ ಬರಬೇಕು ಅನ್ಸಿದ್ರೆ ಬಾರೋ. ಮಧ್ಯ ಈ ಯಂತ್ರ ಯಾಕೆ?”

ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. “ಬೆಳಕು ಹೋಗ್ತಾ ಇದೆ” ಎಂದೆ.

ಅವಳು ನಿಟ್ಟುಸಿರಿಟ್ಟು ತನ್ನ ಸ್ನಾನದ ನಿಲುವಂಗಿಯ ಪಟ್ಟಿ ತಂದು ನನ್ನನ್ನು ಫ್ರಿಜ್ಜಿನ ಹಿಡಿಗೆ ಬಿಗಿದು ಕಟ್ಟಿದಳು. ಈ ಸಲ ನಾನು ಕೂದಲೆಳೆಯಷ್ಟೂ ಅಲುಗಲಿಲ್ಲ. ಕಟ್ಟಿಹಾಕಿದ ಗಂಡನನ್ನು ನೋಡಿ ಅವಳಿಗೇ ನಗು ತಡೆಯಲಾಗದೆ ನನ್ನ ಕಡೆ ಬಾಗಿಬಿಟ್ಟಳು. ಕಿವಿ.

ಹೊರಡುವ ದಿನ ಬಂತು. ನಮ್ಮ ಕಡೆ ಬೀಳ್ಕೊಡುಗೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೇಜಿನ ಬಳಿ ತೊಡೆಗೆ ಕೈ ತಟ್ಟಿ ಏಳುತ್ತ “ಸರಿ ಹಾಗಾದ್ರೆ” ಎನ್ನಬೇಕು, ಬಾಗಿಲಲ್ಲಿ ನಿಂತು ಮತ್ತೆ ಮೊದಲಿಂದ ಮಾತಾಡಬೇಕು, ಕೊನೆಗೆ ಕಾರಿನ ಕಿಟಕಿಯಲ್ಲಿ ತಲೆ ತೂರಿಸಿ ಹವಾಮಾನ ಚರ್ಚಿಸಬೇಕು. ಕಿಟಕಿಯ ಗಾಜು ಏರಿದ ಮೇಲೆಯೇ ಹೋದವರು ಹೋದ ಹಾಗೆ. ಮೂರು ಕಡೆಯೂ ಕ್ಲಿಕ್ಕಿಸಿದೆ, ಮೂರು ಕಡೆಯೂ ಬಾಗಿದೆ. ಕಾರು ತಿರುವು ದಾಟಿದ ಮೇಲೂ ಕೈ ಬೀಸುತ್ತ ನಿಂತಿದ್ದೆ.

ಅವಳು ಮಾಡಿಟ್ಟು ಹೋದ ಹಾಟ್‌ಡಿಷ್ ಎಂಬ ನಮ್ಮ ಕಡೆಯ ಅಡುಗೆಯನ್ನು ಬಿಸಿ ಮಾಡಿದಾಗಲೆಲ್ಲ ಮನೆ ತುಂಬ ಅವಳ ವಾಸನೆ. (ಅಂದರೆ ಆಲೂಗಡ್ಡೆ, ಈರುಳ್ಳಿಯ ವಾಸನೆ. ನನಗೆ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ.) ಇದ್ದುದರಲ್ಲಿ ಒಳ್ಳೆಯ ಕಿವಿಯೊಂದನ್ನು ಪ್ರಿಂಟು ಹಾಕಿಸಿ ಉಪ್ಪಿನ ಡಬ್ಬಿಗೆ ಒರಗಿಸಿಟ್ಟೆ. ಸಂಜೆ ಅವಳು ಫೋನು ಮಾಡಿದಾಗ ಅಲ್ಲಿಯ ಹಿಮ, ಇಲ್ಲಿಯ ಹಿಮ, ಇಂಗಾಳ ಸೊಂಟ ಎಲ್ಲ ಆಗುತ್ತಿತ್ತು. ಹೇಳಬೇಕಾದದ್ದು ಮಾತ್ರ ಗಂಟಲಲ್ಲೇ ಉಳಿಯುತ್ತಿತ್ತು.

ಒಂದು ಸಂಜೆ “ಸರಿ ಹಾಗಾದ್ರೆ” ಎಂದಳು. ನಾನೂ “ಸರಿ ಹಾಗಾದ್ರೆ” ಎಂದೆ. “ಹುಷಾರು” ಎಂದಳು. “ನೀನೂ” ಎಂದು ಫೋನನ್ನು ಮೇಜಿನ ಮೇಲಿಟ್ಟು ಫೋಟೊದ ಕಡೆ ತಿರುಗಿದೆ.

“ನಿನ್ನ ಈ ಎಡಗಿವಿಗಾದ್ರೂ ಹೇಳ್ತೀನಿ ಕಣೇ. ಮನೆ ಬಿಕೋ ಅಂತಿದೆ. ಹಾಸಿಗೇಲಿ ನಿನ್ನ ಕಡೆಗೆ ಕಾಲು ಕೂಡ ಚಾಚಿಲ್ಲ ನಾನು. ನೀನಿಲ್ಲದೆ ನನಗೆ ಆಗೋದಿಲ್ಲ ವರ್ನಾ.”

ಉಪ್ಪಿನ ಡಬ್ಬಿಯ ಪಕ್ಕದಿಂದ ಧ್ವನಿ ಬಂತು. “ಓರಿನ್, ನಾವಿನ್ನೂ ಬಾಗಿಲ ಹತ್ರಾನೇ ಇದ್ವಿ. ಕಾರಿನ ತನಕ ಬಂದಿರಲಿಲ್ಲ.”

ಅವಳ ಹಿಂದಿನಿಂದ ಇಂಗಾ, “ಅವನಿಗೆ ಮಾತು ಬರತ್ತಾ?” ಎಂದದ್ದೂ ಕೇಳಿಸಿತು.

ನನ್ನ ಮುಖ ಕೆಂಪಾಯಿತು. ವರ್ನಾಳ ಧ್ವನಿ ಒದ್ದೆಯಾಗಿತ್ತು. “ಎಡಗಿವಿಗೆ ಹೇಳಿದ್ದನ್ನ ಬಲಗಿವಿಗೂ ಒಂದ್ಸಲ ಹೇಳು. ತಡಿ, ನಿನ್ನ ಮುಖ ನೋಡಬೇಕು. ವಿಡಿಯೋ ಹಾಕ್ತೀನಿ, ಹಸಿರು ಗುಂಡಿ ಒತ್ತು.”

ಒತ್ತಿದೆ. ಇಷ್ಟು ದಿನ ನುಂಗಿದ್ದನ್ನು ಅವಳಿಗೇ ನೇರವಾಗಿ ಹೇಳಿಬಿಟ್ಟೆ. ಒಂದಕ್ಷರವೂ ಬಿಡಲಿಲ್ಲ. ಅವಳ ಉತ್ತರ ಒಂದಿಷ್ಟೂ ತಪ್ಪಿಹೋಗಬಾರದೆಂದು ಫೋನನ್ನು ಗಟ್ಟಿಯಾಗಿ ಒತ್ತಿ ಹಿಡಿದಿದ್ದೆ.

“ಕೇಳಿಸ್ತು ಕಣೋ” ಎಂದಳು ವರ್ನಾ. “ಆದ್ರೆ ಫೋನ್ ಸ್ವಲ್ಪ ದೂರ ಹಿಡಿ. ಬರೀ ನಿನ್ನ ಕಿವಿ ಕಾಣ್ತಾ ಇದೆ.”