ಅರವತ್ನಾಲ್ಕು ಪದರದ ಬೆಡ್‌ಶೀಟು

ಗಣಿತಕ್ಕೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ಓದಿದ್ದು ಎರಡನೇ ಕ್ಲಾಸು, ಅದೂ ಅರ್ಧ. ಆದರೆ ಮುದುಕಿಯಾಗುವವರೆಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟು ಮಡಿಸಿದವಳು ನಾನು. ಅಂಚಿಗೆ ಅಂಚು ಕೂಡದಿದ್ದರೆ ಬಿಚ್ಚಿ ಮತ್ತೆ ಮಡಿಸುವವಳು. (ಸತ್ತ ಗಂಡನ ಮೇಲೆ ಹೊದಿಸಿದ ಬಟ್ಟೆಯ ಅಂಚನ್ನೂ ಎಳೆದು ಸರಿ ಮಾಡಿದ್ದೆ. ನೋಡಿದವರು ಪ್ರೀತಿ ಅಂದುಕೊಂಡರು.)

ಮೊಮ್ಮಗಳು ನರ್ಸಿಂಗ್ ಸೀಟಿನ ಪರೀಕ್ಷೆಯಲ್ಲಿ ಒಮ್ಮೆ ಡುಮ್ಕಿ ಹೊಡೆದಿದ್ದಳು. ಇದು ಕೊನೇ ಸಲ. ಇದೂ ಹೋದರೆ ವಯಸ್ಸು ಮೀರುತ್ತದೆ. ಅವಳನ್ನು ಹಿಡಿದ ಭೂತದ ಹೆಸರು ಘಾತ. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸುತ್ತಾ ಹೋಗುವುದಂತೆ. ಗುಣಿಸಿ ಅರವತ್ನಾಲ್ಕು ಬರಬೇಕು. ಯಾವ ಪೂರ್ಣಾಂಕ, ಎಷ್ಟು ಸಲ, ಒಟ್ಟು ಎಷ್ಟು ದಾರಿ, ಇದು ಪ್ರಶ್ನೆ.

"ಇಷ್ಟೇನಾ? ಬೆಡ್‌ಶೀಟು ತಾ" ಅಂದೆ.

ಅರ್ಧಕ್ಕೆ ಅರ್ಧ ಮಡಿಸುತ್ತಾ ಹೋದರೆ ಆರನೇ ಮಡಿಕೆಗೆ ಅರವತ್ನಾಲ್ಕು ಪದರ. ನಾಲ್ಕು ಪದರದಂತೆ ಮಡಿಸಿದರೆ ಮೂರು ಸಲ. ಎಂಟರಂತೆ ಎರಡು. ಅರವತ್ನಾಲ್ಕನ್ನೂ ಒಟ್ಟಿಗೆ ನೆರಿಗೆ ಹಿಡಿದರೆ ಒಂದೇ. ನಾಲ್ಕು ದಾರಿ. ಹುಡುಗಿಯ ಮುಖ ಅರಳಿತು.

"ಆದ್ರೆ ಅಜ್ಜಿ, ಮೈನಸ್ ಸಂಖ್ಯೆನೂ ನೋಡ್ಬೇಕು ಅಂತಿದ್ರು ಮೇಷ್ಟ್ರು."

"ಮೈನಸ್ ಅಂದ್ರೆ?"

"ಸೊನ್ನೆಗಿಂತ ಕಮ್ಮಿ."

"ಇಲ್ಲದ ಬಟ್ಟೇನ ಯಾರೇ ಮಡಿಸ್ತಾರೆ? ನಿಮ್ಮ ಮೇಷ್ಟ್ರು ಒಂದಿನ ಲಾಂಡ್ರಿಗೆ ಬರಲಿ."

ಮಗಳು ಅಡುಗೆಮನೆಯಿಂದಲೇ, "ಅಮ್ಮಾ, ಅವಳ ತಲೆ ಕೆಡಿಸ್ಬೇಡ" ಅಂದಳು.

"ನಿನ್ನ ತಲೆಗೆ ನಾನು ಕೈ ಹಾಕಲಿಲ್ಲ, ಅದಕ್ಕೇ ಹೀಗಿದ್ದೀಯ" ಅಂದೆ.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಹುಡುಗಿ ಮನಸ್ಸಿನಲ್ಲೇ ಬೆಡ್‌ಶೀಟು ಮಡಿಸಿ, ನಾಲ್ಕು ಅಂತ ಗುರುತು ಹಾಕಿ, ನಗುತ್ತಾ ಬಂದಳು. ಸರಿಯುತ್ತರ ಆರು. ಮೈನಸ್ ಎರಡನ್ನು ಆರು ಸಲ ಗುಣಿಸಿದರೂ, ಮೈನಸ್ ಎಂಟನ್ನು ಎರಡು ಸಲ ಗುಣಿಸಿದರೂ ಅರವತ್ನಾಲ್ಕೇ ಬರುತ್ತದಂತೆ. ಮೈನಸ್ಸಿಗೆ ಮೈನಸ್ಸು ಜೋಡಿಯಾದರೆ ಎರಡೂ ಸೇರಿ ಒಳ್ಳೆಯದಾಗುತ್ತದಂತೆ. (ನನ್ನ ದಾಂಪತ್ಯದಲ್ಲಿ ಹಾಗಾಗಲಿಲ್ಲ.)

ಸೀಟು ತಪ್ಪಿದ್ದು ಒಂದೇ ಅಂಕದಲ್ಲಿ.

ಮಗಳು ಬೈದಿದ್ದರೆ ಚೆನ್ನಾಗಿತ್ತು. ನನ್ನ ಪಕ್ಕ ಬಂದು ಕೂತು ಮೆಲ್ಲಗೆ ಕೇಳಿದಳು: "ಇಲ್ಲದ ಸೀಟನ್ನ ಈಗ ಯಾವ ಅಂಚಿಂದ ಮಡಿಸಲಿ, ಹೇಳಮ್ಮ."

ಹುಡುಗಿ ಈಗ ಅದೇ ಆಸ್ಪತ್ರೆಗೆ ಹೋಗುತ್ತಾಳೆ. ವಾರ್ಡಿಗಲ್ಲ, ಲಾಂಡ್ರಿಗೆ. ಮೊನ್ನೆ ಊಟಕ್ಕೆ ಕೂತಾಗ, ತಟ್ಟೆಯಿಂದ ಕಣ್ಣೆತ್ತದೆ ಹೇಳಿದಳು: "ಸೂಪರ್‌ವೈಸರ್ ಮೆಚ್ಕೊಂಡ್ರು ಅಜ್ಜಿ. ಥೇಟ್ ನಿಮ್ಮಜ್ಜಿ ಮಡಿಸಿದ ಹಾಗೇ ಇದೆ ಅಂದ್ರು."

ಅವಳ ತಾಯಿ ನನ್ನನ್ನೇ ನೋಡುತ್ತಿದ್ದಳು. ನಾನು ಮೇಜಿನ ಮೇಲಿನ ಬಟ್ಟೆಯ ಅಂಚು ಎಳೆದು ಸರಿ ಮಾಡಿದೆ.