ಮೂವತ್ತೊಂದರೊಳಗೆ ರಾಕ್ಷಸ ಸಾಯಬೇಕು

ಮೂವತ್ತು ದಾಟಿದ ಮೇಲೂ ಟಿ.ವಿ.ಗೆ ಪೆಟ್ಟಿಗೆ ಜೋಡಿಸಿಕೊಂಡು ಗೇಮ್ ಆಡುವವನಿಗೆ ಈ ಲೋಕದಲ್ಲಿ ಮರ್ಯಾದೆಗೆ ಬರಗಾಲ, ಪಜೀತಿಗೆ ಮಾತ್ರ ಸುಗ್ಗಿ. ಕುಡಿಯುವವನಿಗೆ ಜನ ಬುದ್ಧಿ ಹೇಳುತ್ತಾರೆ, ಇಸ್ಪೀಟು ಆಡುವವನ ಪಕ್ಕ ಬಂದು ಕೂರುತ್ತಾರೆ, ನಮ್ಮಂಥವರನ್ನು ನೋಡಿ ಸುಮ್ಮನೆ ನಗುತ್ತಾರೆ. ನಗಲಿ ಬಿಡಿ. ಎರಡು ಸಾವಿರದ ಎಂಟರ ಆಸುಪಾಸಿನಲ್ಲಿ, ಒಂದೇ ಒಂದು ಗೇಮ್ ಮುಗಿಸಲು ಹೋಗಿ ನಾನು ಪಟ್ಟ ಪಾಡು ಕೇಳಿದರೆ ನಗದೆ ಇರುವವರನ್ನು ನಾನೂ ನಂಬುವುದಿಲ್ಲ.

ಆಗ ನಾನು, ಅಮ್ಮ ಇಬ್ಬರೇ ಮುಂಬಯಿ ಹೊರವಲಯದ ಡೊಂಬಿವಿಲಿಯ ಒಂದು ಫ್ಲ್ಯಾಟಿನಲ್ಲಿ ಇದ್ದೆವು. ಊರು ಉಡುಪಿ ಕಡೆ, ಆಫೀಸು ದಾದರ್, ಮದುವೆ ಆಗಿರಲಿಲ್ಲ. ಆಗದಿರುವುದಕ್ಕೆ ಆ ಪೆಟ್ಟಿಗೆಯೇ ಕಾರಣ ಎಂದು ಅಮ್ಮ ಬಿಲ್ಡಿಂಗಿಗೆಲ್ಲ ಹೇಳಿಯಾಗಿತ್ತು.

೧. ಕಾಕಾ ಕಿವಿಗೊಟ್ಟದ್ದು

ಬೆಳಗಿನ ಎಂಟು ಗಂಟೆ ಏಳು ನಿಮಿಷದ ಲೋಕಲ್ ರೈಲಿನಲ್ಲಿ ನಾನು ಮತ್ತು ಬದಲಾಪುರದಿಂದ ಬರುವ ಗೆಳೆಯ ಬಾಗಿಲ ಬಳಿ ನಿಲ್ಲುತ್ತಿದ್ದೆವು. ಅವನ ಹಿರಿಯರು ಹುಬ್ಬಳ್ಳಿಯವರು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ತೆರೆದರೆ ಹಿಂದಿ. ಅವನದು ಫುಟ್‌ಬಾಲ್ ಗೇಮ್. ಗೇಮಿನೊಳಗಿನ ರೆಫರಿ ತನ್ನ ಮೇಲೆ ಹಗೆ ಸಾಧಿಸುತ್ತಿದ್ದಾನೆ ಎಂಬುದು ಅವನ ದಿನನಿತ್ಯದ ದೂರು.

ನನ್ನದು ಕೋಟೆಯ ಗೇಮ್. ಕೋಟೆಗೆ ಏಳು ಬಾಗಿಲು. ಏಳನೆಯದರ ಮುಂದೆ ನಾಲ್ಕು ಕೈಯ ರಾಕ್ಷಸ. ಆರನೇ ಬಾಗಿಲು ದಾಟಿದ ಮೇಲೆ ಒಂದು ಬಾವಿ ಸಿಗುತ್ತದೆ, ಆಟ ಉಳಿಸಿಡುವುದಿದ್ದರೆ ಅಲ್ಲಿ ಮಾತ್ರ. ಬಾವಿಯಿಂದ ರಾಕ್ಷಸನವರೆಗೆ ಮುಕ್ಕಾಲು ಗಂಟೆಯ ಹೊಡೆದಾಟ. ಕೊನೆಗೆ ಅವನು ಮಂಡಿಯೂರುತ್ತಾನೆ, ನಗಾರಿ ಶುರುವಾಗುತ್ತದೆ. ನಗಾರಿಯ ಪ್ರತಿ ಪೆಟ್ಟಿಗೂ ಸರಿಯಾಗಿ ಒಂದು ಗುಂಡಿ ಒತ್ತಬೇಕು. ಒಂದು ತಪ್ಪಿದರೂ ಮಹಾರಾಯ ಹೊಸ ಮದುಮಗನ ಹಾಗೆ ಎದ್ದು ನಿಲ್ಲುತ್ತಾನೆ. ಹದಿನೆಂಟು ಸಲ ಎದ್ದಿದ್ದ.

ರೈಲಿನ ಅದೇ ಡಬ್ಬಿಯ ಒಳಗಡೆ ಒಂದು ಭಜನಾ ಮಂಡಳಿ ಇತ್ತು. ಅದರಲ್ಲಿ ತಾಳ ಹಾಕುತ್ತಿದ್ದವರು ಕಲ್ಯಾಣದಲ್ಲಿ ಹತ್ತುವ ಗದಗಿನ ಕಡೆಯ ಹಿರಿಯರು. ಮೂವತ್ತು ವರ್ಷದಿಂದ ಅದೇ ಗಾಡಿ, ಅದೇ ಸೀಟು, ಅದೇ ತಾಳ. ಎಲ್ಲರಿಗೂ ಅವರು ಕಾಕಾ. ನಮ್ಮ ಗೇಮಿನ ಮಾತು ಅವರಿಗೆ ತೊಂದರೆಯಾಗುತ್ತಿರಬಹುದು ಎಂದು ನಾವು ದನಿ ತಗ್ಗಿಸಿಯೇ ಮಾತಾಡುತ್ತಿದ್ದೆವು. ಒಂದು ದಿನ ಅಭಂಗ ಮುಗಿಯುತ್ತಿದ್ದ ಹಾಗೆ ಕಾಕಾ ತಾಳ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ತಮ್ಮಾ, ಜ್ವಾರಾಗಿ ಹೇಳಪಾ. ಹದಿನೈದು ದಿನಾತು ಅರ್ಧಾ ಕೇಳಸ್ತದ, ಅರ್ಧಾ ಕೇಳಸಂಗಿಲ್ಲ. ಅಂವ ಸತ್ತನೋ ಇಲ್ಲೋ?"

ಇಲ್ಲ ಎಂದೆ. ಏಳನೇ ಬಾಗಿಲ ಹಿಂದೆ ಏನಿದೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಗೆಳೆಯ, ಕಾಕಾ, ನೆಟ್ ಪೇ ಸಬ್ ಮಿಲ್ತಾ ಹೈ, ಎಂದ, ಬಾಗಿಲ ಹಿಂದಿನದನ್ನೂ ನೆಟ್ಟಿನಲ್ಲೇ ನೋಡಿಬಿಡಬಹುದು ಎಂಬಂತೆ. ಕಾಕಾ ಅವನನ್ನು ನೋಡಿದ ನೋಟಕ್ಕೆ ಅವನು ಹೊರಗೆ ತಿರುಗಿ ಮುಂದಿನ ಎರಡು ಸ್ಟೇಷನ್ನಿನ ಬೋರ್ಡು ಓದಿದ. ಆಮೇಲೆ ಕಾಕಾ, ಅಕ್ಟೋಬರ್ ಮೂವತ್ತೊಂದಕ್ಕೆ ತಾನು ರಿಟೈರು, ಅದರೊಳಗೆ ಕೊಂದು ಮುಗಿಸು ಎಂದರು. ನನ್ನ ಆಫೀಸಿನ ಸಾಹೇಬರೂ ಯಾವತ್ತೂ ನನಗೆ ಅಷ್ಟು ಸ್ಪಷ್ಟವಾಗಿ ಕೆಲಸ ಹೇಳಿದವರಲ್ಲ.

೨. ಗೇಲೀ

ಆಗ ಡೊಂಬಿವಿಲಿಯಲ್ಲಿ ಲೋಡ್‌ಶೆಡ್ಡಿಂಗ್. ದಿನಕ್ಕೆ ಇಷ್ಟು ಹೊತ್ತು ಕರೆಂಟ್ ತೆಗೆಯುತ್ತೇವೆ ಎಂದು ವೇಳಾಪಟ್ಟಿ ಕೊಡುತ್ತಿದ್ದರು. ಅದನ್ನು ನಾನು ಬಾಗಿಲ ಹಿಂದೆ, ದೇವರ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದೆ. ಏಕಾದಶಿ ಯಾವತ್ತು ಎಂದು ಅಮ್ಮನಿಗೆ, ಲೈಟ್ ಯಾವತ್ತು ಎಂದು ನನಗೆ ಬಾಯಿಪಾಠ.

ಒಂದು ಸಂಜೆ ಆಫೀಸಿನಿಂದ ಓಡಿ ಬಂದು, ಚಹಾ ಕೂಡ ಕುಡಿಯದೆ ಕುಳಿತೆ. ಪಟ್ಟಿಯ ಪ್ರಕಾರ ಇನ್ನೂ ಒಂದೂವರೆ ಗಂಟೆ ಇತ್ತು. ರಾಕ್ಷಸ ಮಂಡಿಯೂರಿದ, ನಗಾರಿ ಶುರುವಾಯಿತು, ನನ್ನ ಹೆಬ್ಬೆರಳು ಜೀವಮಾನದಲ್ಲಿ ಮೊದಲ ಸಲ ಸರಿಯಾಗಿ ಬಿತ್ತು. ಇನ್ನು ನಾಲ್ಕು ಪೆಟ್ಟು, ಮೂರು ಪೆಟ್ಟು. ಅಷ್ಟರಲ್ಲಿ ಇಡೀ ಬಿಲ್ಡಿಂಗ್ ಒಕ್ಕೊರಲಿನಿಂದ "ಗೇಲೀ" ಎಂದಿತು. ಲೈಟ್ ಹೋದಾಗ ಮರಾಠಿಯಲ್ಲಿ ಹಾಗೆ ಕೂಗುವುದು ಇಲ್ಲಿನ ಪದ್ಧತಿ, ಬಂದಾಗ "ಆಲೀ".

ನನಗೆ ಮೈಯೆಲ್ಲ ಉರಿದುಹೋಯಿತು. ಕತ್ತಲಲ್ಲೇ ತಡಕಾಡಿ ಕರೆಂಟ್ ಆಫೀಸಿಗೆ ಫೋನ್ ಮಾಡಿ, ಪಟ್ಟಿಯಲ್ಲಿ ಇಲ್ಲದ ಹೊತ್ತಿಗೆ ತೆಗೆದದ್ದು ಯಾಕೆ ಎಂದು ಹಾರಾಡಿದೆ. ಆ ಕಡೆಯ ಮನುಷ್ಯ ಪಾಪ ಒಳ್ಳೆಯವನು, ಗಾಬರಿಯಾದ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ, ಮಕ್ಕಳ ಪರೀಕ್ಷೆಯೇ, ಯಾರಾದರೂ ಸಾಯುವ ಸ್ಥಿತಿಯಲ್ಲಿದ್ದಾರೆಯೇ ಎಂದು ಒಂದೊಂದಾಗಿ ಕೇಳಿದ.

"ಒಬ್ಬ ಸಾಯುವುದರಲ್ಲಿದ್ದ," ಎಂದೆ. "ನೀವು ಉಳಿಸಿಬಿಟ್ಟಿರಿ."

೩. ನೆರೂಳದ ಊಟ

ನವಿ ಮುಂಬಯಿಯಲ್ಲಿ ಲೈಟ್ ಹೋಗುವುದಿಲ್ಲ ಎಂಬುದು ನಮ್ಮ ಕಡೆಯವರ ಹೊಟ್ಟೆಕಿಚ್ಚಿನ ವಿಷಯ. ನೆರೂಳದಲ್ಲಿ ನನ್ನ ಸೋದರತ್ತೆಯ ಮನೆ, ಅಲ್ಲೂ ನನ್ನದೇ ಥರದ ಪೆಟ್ಟಿಗೆ ಇತ್ತು. ಆಟ ಉಳಿಸಿದ ಮೆಮೊರಿ ಕಾರ್ಡನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು, ಗೇಮಿನ ಡಿಸ್ಕನ್ನು ಬನಿಯನ್ ಒಳಗೆ ಸೇರಿಸಿಕೊಂಡು, ಒಂದು ರವಿವಾರ ಠಾಣೆಯಲ್ಲಿ ಗಾಡಿ ಬದಲಿಸಿ ಹೋದೆ. ಕಾಕಾನ ರಿಟೈರ್‌ಮೆಂಟಿಗೆ ನಾಲ್ಕು ವಾರ ಇತ್ತು.

ನಮ್ಮವರ ಮನೆಗೆ ಹೋದ ಮೇಲೆ ಉಣ್ಣದೆ ಬೇರೆ ಕೆಲಸ ಮಾಡುವುದುಂಟೇ. ಉಂಡೆ. ಉಂಡು ಟಿ.ವಿ.ಯ ಮುಂದೆ ಬಂದರೆ ಪೆಟ್ಟಿಗೆ ಆಗಲೇ ಚಾಲೂ ಇತ್ತು. ಆ ಮನೆಯಲ್ಲಿ ಅದು ಗೇಮ್ ಆಡುವುದಕ್ಕಲ್ಲ, ಅತ್ತೆಯ ಮಗನ ಮದುವೆಯ ವಿಡಿಯೊ ನೋಡುವುದಕ್ಕೆ. ಮೂರು ಡಿಸ್ಕು. ನಾನು ಬರುತ್ತೇನೆಂದು ಅತ್ತೆ ಮೊದಲನೆಯದರಿಂದ ಶುರುಮಾಡಿದ್ದರು.

ಅತ್ತೆಯ ಕೈಯಲ್ಲಿ ಆ ಕಂಟ್ರೋಲರ್ ಏನು ಚಂದ ಆಡುತ್ತಿತ್ತು ಎನ್ನುತ್ತೀರಿ. ಓಡಿಸುವುದು, ಹಿಂದೆ ತರುವುದು, ಸರಿಯಾಗಿ ಒಬ್ಬಳು ಹುಡುಗಿ ಬಂದ ಕೂಡಲೇ ನಿಲ್ಲಿಸುವುದು. ಈ ಹಸಿರು ಸೀರೆಯವಳು ಕಾರ್ಕಳದವಳು, ಬಿ.ಕಾಂ., ಏನು ಹೇಳುತ್ತಿ? ಈ ಬಡಿಸುವವಳು? ಅವರಷ್ಟು ಸಲೀಸಾಗಿ ನನಗೆ ಆ ಗುಂಡಿಗಳು ಬಂದಿದ್ದರೆ ರಾಕ್ಷಸ ಗಣೇಶ ಚೌತಿಗೇ ಸಾಯುತ್ತಿದ್ದ. ಆರತಕ್ಷತೆ ಮುಗಿಯುವ ಹೊತ್ತಿಗೆ ಕೊನೆಯ ಗಾಡಿಗೆ ಸಮಯವಾಗಿತ್ತು.

ಮರುದಿನ ಕಾಕಾ ಕೇಳಿದಾಗ ಇದ್ದದ್ದು ಇದ್ದ ಹಾಗೆ ಹೇಳಿದೆ: ನೆರೂಳದಲ್ಲಿ ನಾನು ಮುಗಿಸಿದ್ದು ಎಂಟು ಹೋಳಿಗೆ ಮಾತ್ರ.

೪. ಆಯುಧ ಪೂಜೆ

ದಸರೆಯ ಹಿಂದಿನ ದಿನ ಲೋಕಲ್ ಡಬ್ಬಿಗೇ ತೋರಣ ಕಟ್ಟಿ ಪೂಜೆ ಮಾಡುತ್ತಾರೆ. ಕಾಕಾ ತಾಳಕ್ಕೆ ಕುಂಕುಮ ಹಚ್ಚಿದರು, ನನ್ನ ಹೆಬ್ಬೆರಳಿಗೂ ಹಚ್ಚಿದರು. ನಾಳೆ ರಜೆ, ನಾಳೆ ಮುಗಿಸುತ್ತೇನೆ ಎಂದು ಮಾತು ಕೊಟ್ಟು ಮನೆಗೆ ಬಂದೆ.

ಮನೆಯಲ್ಲಿ ಅಮ್ಮನ ಆಯುಧ ಪೂಜೆ ಆಗಿಹೋಗಿತ್ತು. ಮಿಕ್ಸರಿಗೆ ಹೂವು, ಇಸ್ತ್ರಿಪೆಟ್ಟಿಗೆಗೆ ಹೂವು, ತೆಂಗಿನಕಾಯಿ ತುರಿಯುವ ಮಣೆಗೆ ಹೂವು. ನನ್ನ ಪೆಟ್ಟಿಗೆಗೆ ಮಾತ್ರ ಜರಿಯ ರವಿಕೆ ಕಣ ಹೊದಿಸಿದ್ದಳು. ಅದನ್ನು ಕಂಡರಾಗದ ಅಮ್ಮ ಇಷ್ಟು ಭಕ್ತಿ ಮಾಡಿದ್ದು ನೋಡಿ ನನ್ನ ಕಣ್ಣು ಒದ್ದೆಯಾಯಿತು. ಪೂಜೆ ಇಳಿಸುವವರೆಗೆ ಮುಟ್ಟಬಾರದು ಎಂದಳು, ಸರಿ ಎಂದೆ. ಮರುದಿನ ಪೂಜೆ ಇಳಿಸಿ ಗುಂಡಿ ಒತ್ತಿದರೆ ಒಳಗಿನಿಂದ ಅಕ್ಕಿ ಕೇರುವ ಸದ್ದು.

"ಎಂತ ಹಾಕಿದ್ದಿ ಅಮ್ಮ ಇದರೊಳಗೆ?"

"ನಾನೆಂತಕ್ಕೆ ಹಾಕಲಿ ಮಗಾ? ಒರೆಸುವಾಗ ಅದೇ ತಟ್ಟೆ ಹೊರಗೆ ಹಿಡಿಯಿತು. ದೇವರ ದಿವಸ ಬಾಯಿಬಿಟ್ಟು ಕೇಳುವಾಗ ಇಲ್ಲ ಎನ್ನಲಿಕ್ಕೆ ಆಗುತ್ತದಾ? ಅಕ್ಷತೆ, ಹೂವು, ಒಂದು ರೂಪಾಯಿ ದಕ್ಷಿಣೆ ಇಟ್ಟೆ. ತಾನೇ ಒಳಗೆ ತೆಗೊಂಡಿತು."

ಡಿಸ್ಕ್ ಇಡುವ ತಟ್ಟೆ ಅದು. ಪೆಟ್ಟಿಗೆಯನ್ನು ಹೊತ್ತುಕೊಂಡು ಠಾಣೆಯಲ್ಲಿ ಚೌಕದ ಹತ್ತಿರದ ರಿಪೇರಿಯವನಲ್ಲಿಗೆ ಹೋದೆ. ಹನ್ನೆರಡು ದಿನ ಇಟ್ಟುಕೊಂಡ. ವಾಪಸು ಕೊಡುವಾಗ ಜೊತೆಗೆ ಒಂದು ಕಾಗದದ ಪೊಟ್ಟಣವನ್ನೂ ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಬಿಚ್ಚಿ ನೋಡಿದರೆ ಅಕ್ಷತೆ, ಬಾಡಿದ ಹೂವು, ಒಂದು ರೂಪಾಯಿ. ಪ್ರಸಾದ್ ಹೈ ಸಾಬ್, ಫೇಕೂಂ ಕೈಸೆ, ಎಂದ. ಎಸೆಯಲು ಅವನಿಗೆ ಮನಸ್ಸಾಗಿರಲಿಲ್ಲ. ಅವನ ಮುಂದೆಯೇ ಕಣ್ಣಿಗೊತ್ತಿಕೊಂಡು ಕಿಸೆಗೆ ಹಾಕಿಕೊಂಡೆ, ಮತ್ತೇನು ಮಾಡಲಿ.

೫. ಮೂವತ್ತೊಂದು

ಮೂವತ್ತೊಂದು ಬಂತು. ರಾಕ್ಷಸ ಬದುಕಿದ್ದ.

ಅವತ್ತು ಡಬ್ಬಿಯಲ್ಲಿ ಕಾಕಾನಿಗೆ ಶಾಲು, ಹಾರ, ತೆಂಗಿನಕಾಯಿ. ಮಂಡಳಿಯವರು ಅಳುತ್ತ ಹಾಡಿದರು, ಕಾಕಾ ಅಳದೆ ತಾಳ ಹಾಕಿದರು. ಸುಳ್ಳು ಹೇಳಿಬಿಡು, ಮುದುಕನಿಗೆ ಖುಷಿಯಾಗಲಿ ಎಂದು ಬದಲಾಪುರದ ಗೆಳೆಯ ಮೊದಲೇ ಕಿವಿ ಊದಿದ್ದ. ನನಗೂ ಅದೇ ಸರಿ ಅನ್ನಿಸಿತ್ತು. ಹಾಡು ಮುಗಿದು ಕಾಕಾ ನನ್ನತ್ತ ತಿರುಗಿದಾಗ, ನಿನ್ನೆ ಸತ್ತ ಕಾಕಾ, ಎಂದೆ.

ಬಾಗಿಲ ಹಿಂದೆ ಏನಿತ್ತು ಎಂದರು. ಬಂಗಾರದ ರಾಶಿ ಎಂದೆ. ಕಾಕಾ ತಾಳವನ್ನು ಚೀಲಕ್ಕೆ ಹಾಕಿದರು.

"ಸುಳ್ಳ ಹೇಳಬ್ಯಾಡ ತಮ್ಮಾ. ಸುಳ್ಳ ಹೇಳೂವಾಗ ನಿನ್ನ ಲಯ ತಪ್ಪತೈತಿ."

ನಾಚಿಕೆಯಿಂದ ಸತ್ತುಹೋದ ಹಾಗಾಯಿತು. ತಪ್ಪಾಯಿತು ಎಂದೆ. ಅವರಿಗೆ ಸಿಟ್ಟು ಬಂದಿರಲಿಲ್ಲ. ಕೊರಳ ಹಾರ ತೆಗೆದು ಸೀಟಿನ ಮೇಲಿಟ್ಟು, ಮೆಲ್ಲಗೆ ಹೇಳಿದರು: "ಮನ್ಯಾಗ ಸೊಸಿ, ಮಗಾ ಇಬ್ಬರೂ ಕೆಲಸಕ್ಕ ಹೋಗತಾರ. ನಾಳಿಂದ ನನಗ ಮುಂದಿಂದು ಯಾರ ಹೇಳ್ತಾರಪಾ?"

ಈ ರವಿವಾರ ನಮ್ಮ ಮನೆಗೇ ಬನ್ನಿ, ನಿಮ್ಮ ಕಣ್ಣೆದುರೇ ಕೊಲ್ಲುತ್ತೇನೆ ಎಂದೆ. ಮಂಡಳಿ ಕೊಟ್ಟಿದ್ದ ತೆಂಗಿನಕಾಯಿಯನ್ನು ಕಾಕಾ ನನ್ನ ಕೈಗಿಟ್ಟು, ಅವನು ಸತ್ತ ಮೇಲೆ ಇದನ್ನು ಒಡೆಯೋಣ ಎಂದರು. ದಾದರ್ ಸ್ಟೇಷನ್‌ನಿಂದ ಆಫೀಸಿನ ತನಕ ತೆಂಗಿನಕಾಯಿ ಹಿಡಿದು ನಡೆದ ನನ್ನನ್ನು ನೋಡಿ, ಅಂತೂ ಹೆಣ್ಣು ಗಟ್ಟಿಯಾಯಿತೇ ಎಂದು ನಾಲ್ಕು ಜನ ಕೇಳಿದರು.

೬. ರವಿವಾರಗಳು

ಕಾಕಾ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಶೇಂಗಾ ಚಟ್ನಿಯ ಡಬ್ಬಿ ಅಮ್ಮನ ಕೈಗೆ ಕೊಟ್ಟು ಸೋಫಾದ ಮೇಲೆ ಪದ್ಮಾಸನ ಹಾಕಿದರು. ನಾನು ಬಾವಿಯಿಂದ ಹೊರಟು, ಮುಕ್ಕಾಲು ಗಂಟೆ ಹೊಡೆದಾಡಿ, ರಾಕ್ಷಸನನ್ನು ಮಂಡಿಗೆ ತಂದೆ. ನಗಾರಿ ಶುರುವಾಯಿತು, ನಾನು ತಪ್ಪಿದೆ, ಅವನು ಎದ್ದ. ಮತ್ತೆ ಮಂಡಿ, ಮತ್ತೆ ನಗಾರಿ, ಮತ್ತೆ ತಪ್ಪು. ಕಾಕಾ ಸಹಿಸುವಷ್ಟು ಸಹಿಸಿದರು.

"ನೀ ಲಯಕ್ಕ ಒತ್ತಂಗಿಲ್ಲಪಾ, ಸಿಟ್ಟಿಗೆ ಒತ್ತತಿ. ಕೊಡಿಲ್ಲೆ."

ಮುಂದಿನ ಸಲ ಅವನು ಮಂಡಿಯೂರಿದಾಗ ಕಂಟ್ರೋಲರನ್ನು ಅವರ ಕೈಗಿಟ್ಟೆ. ಗುಂಡಿ ಯಾವುದೆಂದು ತೋರಿಸಿದೆ, ಅಷ್ಟೇ. ಕಾಕಾ ಕಣ್ಣು ಮುಚ್ಚಿ, ಬಾಯಲ್ಲಿ ವಿಠ್ಠಲ ವಿಠ್ಠಲ ಎಂದುಕೊಂಡು ಒತ್ತತೊಡಗಿದರು. ನಗಾರಿ ಏರಿತು, ವಿಠ್ಠಲನೂ ಏರಿದ. ಮೂವತ್ತು ವರ್ಷ ಓಡುವ ಗಾಡಿಯ ಕುಲುಕಾಟದಲ್ಲಿ ತಪ್ಪದ ತಾಳ, ಸೋಫಾದ ಮೇಲೆ ತಪ್ಪುತ್ತದೆಯೇ. ರಾಕ್ಷಸ ಧೊಪ್ಪೆಂದು ಬಿದ್ದ. ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದುಕೊಂಡೇ ಓಡಿಬಂದಳು. ಏಳನೇ ಬಾಗಿಲು ಕಿರುಗುಟ್ಟುತ್ತ ತೆರೆಯತೊಡಗಿತು.

ಗೇಲೀ, ಎಂದಿತು ಬಿಲ್ಡಿಂಗ್. ಫ್ಯಾನು ನಿಧಾನಕ್ಕೆ ತಿರುಗಿ ತಿರುಗಿ ನಿಂತಿತು. ಒಂದನೇ ತಾರೀಖಿನಿಂದ ಹೊಸ ವೇಳಾಪಟ್ಟಿ ಬಂದಿತ್ತು, ನಾನು ಬಾಗಿಲ ಹಿಂದಿನ ಹಳೆಯದನ್ನೇ ನಂಬಿ ಕುಳಿತಿದ್ದೆ. ತಲೆ ಚಚ್ಚಿಕೊಂಡೆ. ಕಾಕಾ ಬೆವರು ಒರೆಸಿಕೊಂಡು, ಹೋಗಲಿ ಬಿಡು, ಬರುವ ರವಿವಾರ ಐತಲ್ಲ, ಎಂದರು. ಅಮ್ಮ ಊಟಕ್ಕೆ ಎಬ್ಬಿಸಿದಳು. ಊಟ ಮಾಡುತ್ತ ಕಾಕಾ ಎರಡು ಅಭಂಗ ಹಾಡಿದರು, ಅಮ್ಮ ತಾನು ಮರೆತೇಹೋದದ್ದೆಂದು ಹೇಳುತ್ತಿದ್ದ ದಾಸರ ಪದವೊಂದನ್ನು ಪೂರ್ತಿ ಹಾಡಿದಳು. ಆ ಮನೆಯಲ್ಲಿ ಅಷ್ಟು ಗದ್ದಲ ಕೇಳಿ ವರ್ಷಗಳೇ ಆಗಿದ್ದವು.

ಮುಂದಿನ ರವಿವಾರ ನಾನು ಹೊಸ ಪಟ್ಟಿಯನ್ನು ಮೂರು ಸಲ ಓದಿ, ಲೈಟ್ ಹೋಗದ ಹೊತ್ತು ಆರಿಸಿ ಕಾಕಾನನ್ನು ಕೂರಿಸಿದೆ. ಈ ಸಲ ಕಾಲು ಇಳಿಬಿಟ್ಟು ಕೂತು, ಅವರು ಮತ್ತೆ ಕಣ್ಣು ಮುಚ್ಚಿ ರಾಕ್ಷಸನನ್ನು ಕೆಡವಿದರು. ಬಾಗಿಲು ಕಿರುಗುಟ್ಟಿತು, ಒಂದು ಗೇಣು ತೆರೆಯಿತು, ಒಳಗಿನಿಂದ ಬೆಳಕು ಬಂತು. ಟಕ್ ಎಂದು ಟಿ.ವಿ. ಕಪ್ಪಾಯಿತು.

"ಮತ್ತ ಹೋತಲ್ಲಪಾ ಲೈಟು," ಎಂದರು ಕಾಕಾ.

ಬಿಲ್ಡಿಂಗ್ ಮಾತ್ರ ಗೇಲೀ ಎನ್ನಲಿಲ್ಲ. ನಾನು ತಲೆ ಎತ್ತಿ ನೋಡಿದೆ. ಫ್ಯಾನು ಗರಗರ ತಿರುಗುತ್ತಿತ್ತು. ಮೆಲ್ಲಗೆ ಕಣ್ಣು ಕೆಳಗಿಳಿಸಿದೆ. ಸೋಫಾದ ಬುಡದಲ್ಲಿದ್ದ ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್ಚಿನ ಮೇಲೆ ಕಾಕಾನ ಬಲಗಾಲಿನ ಹೆಬ್ಬೆರಳು ಇತ್ತು. ಅವರು ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದರು, ಕಿವಿಯೆರಡೂ ಕೆಂಪಾಗಿದ್ದವು.

ಏನು ಹೇಳಲಿ ಎಂದು ನಾನು ಬಾಯಿ ತೆರೆಯುವುದರೊಳಗೆ ಪಕ್ಕದಲ್ಲಿ ಕೂತಿದ್ದ ಅಮ್ಮ ಎದ್ದಳು. ಗೋಡೆಯ ಹತ್ತಿರ ಹೋಗಿ, ಸದ್ದಾಗದ ಹಾಗೆ ಫ್ಯಾನಿನ ಸ್ವಿಚ್ ಆರಿಸಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಬಂದು ಕೂತಳು.

"ಈ ಕರೆಂಟಿನವರಿಗೆ ರವಿವಾರವೂ ಇಲ್ಲ, ಸೋಮವಾರವೂ ಇಲ್ಲ ಮಾರಾಯ," ಎಂದಳು. "ಬರುವ ವಾರ ಸ್ವಲ್ಪ ಬೇಗ ಬನ್ನಿ ಕಾಕಾ, ನೀರ್‌ದೋಸೆ ಮಾಡುತ್ತೇನೆ."