ಹಿಂದೆ ಯಾರೋ ಬಂದಿದ್ದಾರೆ

"ಈ ತಿಂಗಳ ಕೊನೇ ಭಾನುವಾರದೊಳಗೆ ನಾನು ಬೆಳ್ಳಿ ದರ್ಜೆಗೆ ಏರದೇ ಇದ್ರೆ, ಕಂಪ್ಯೂಟರ್ ಮುಟ್ಟಿದ ಈ ಕೈಯನ್ನೇ ಕಡಿದುಕೊಳ್ತೀನಿ."

"ಎಡಗೈ ಕಡ್ಕೊಳ್ಳಿ," ಎಂದಳು ಹೆಂಡತಿ, ತಟ್ಟೆಯಿಂದ ತಲೆ ಎತ್ತದೆ. "ಬಲಗೈ ಅಂಗಡಿಗೆ ಬೇಕು."

ಈ ಭೀಷಣ ಪ್ರತಿಜ್ಞೆ ಮಾಡಿದವರು ಕನ್ನಡಕದ ಅಂಗಡಿಯ ಯಜಮಾನರು. ವಯಸ್ಸು ನಲವತ್ತಾರು. ದಿನಕ್ಕೆ ಇಪ್ಪತ್ತು ಜನರ ಕಣ್ಣು ಪರೀಕ್ಷಿಸಿ "ಕೊನೇ ಸಾಲು ಓದಿ" ಎನ್ನುವ ಈ ಮಹಾನುಭಾವರಿಗೆ ತಮ್ಮ ಸ್ವಂತ ಕಂಪ್ಯೂಟರಿನ ಎಡ ಮೂಲೆ ಮಾತ್ರ ಕಾಣುತ್ತಿರಲಿಲ್ಲ. ಅವರ ಎರಡು ವರ್ಷಗಳ ಸೋಲಿನ ಚರಿತ್ರೆಯೆಲ್ಲ ಆ ಮೂಲೆಯಲ್ಲೇ ಬರೆದಿತ್ತು.

ಆಟ ಯುದ್ಧದ್ದು. ಚದುರಂಗದಲ್ಲಿ ನಿನ್ನದೊಂದು ನಡೆ, ಆಮೇಲೆ ನನ್ನದೊಂದು ನಡೆ ಎಂಬ ಮರ್ಯಾದೆಯಾದರೂ ಇದೆ. ಇಲ್ಲಿ ಅದೂ ಇಲ್ಲ. ಎಲ್ಲೋ ಕೂತ ಎದುರಾಳಿಯೂ ನೀವೂ ಒಟ್ಟಿಗೇ, ಉಸಿರು ಬಿಡದೆ ಆಡಬೇಕು. ಆಳುಗಳನ್ನು ಗಣಿಗೆ ಕಳಿಸಬೇಕು, ಅವರಿಗೆ ಮನೆ ಕಟ್ಟಿಕೊಡಬೇಕು, ಸೈನಿಕರನ್ನು ಸಿದ್ಧಪಡಿಸಬೇಕು. ಇಷ್ಟರ ನಡುವೆ ಎಡ ಮೂಲೆಯ ಪುಟ್ಟ ನಕ್ಷೆಯಲ್ಲಿ ಶತ್ರುವಿನ ಕೆಂಪು ಚುಕ್ಕೆಗಳು ಎಲ್ಲಿ ತೆವಳುತ್ತಿವೆ ಎಂದು ಗಮನಿಸುತ್ತಲೂ ಇರಬೇಕು. ನಮ್ಮ ಯಜಮಾನರು 'ಉಕ್ಕಿನ ಹದ್ದು' ಎಂದು ಹೆಸರಿಟ್ಟುಕೊಂಡು, ಮುಂದೆ ನಡೆಯುವ ಕಾಳಗವನ್ನು ಬಾಯಿ ಬಿಟ್ಟುಕೊಂಡು ನೋಡುತ್ತ ಕೂರುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ನುಗ್ಗಿದ ಶತ್ರು ಇಡೀ ಊರನ್ನೇ ಗುಡಿಸಿ ಹಾಕಿರುತ್ತಿದ್ದ. ಹೀಗಾಗಿ ಎರಡು ವರ್ಷವಾದರೂ ಕಂಚಿನ ದರ್ಜೆ ಅವರನ್ನು ಬಿಟ್ಟಿರಲಿಲ್ಲ.

ಈ ಸಲ ಅವರು ಒಂದು ಉಪಾಯ ಹೂಡಿದರು. ಇಪ್ಪತ್ತು ಸೆಕೆಂಡಿಗೊಮ್ಮೆ ಯಾರಾದರೂ ಎಚ್ಚರಿಸುತ್ತಿದ್ದರೆ ಸಾಕು, ಗೆಲುವು ಖಂಡಿತ. ಮೊದಲು ತಮ್ಮದೇ ದನಿಯನ್ನು ಫೋನಿನಲ್ಲಿ ಹಿಡಿದಿಟ್ಟರು. ತಮ್ಮ ಮಾತನ್ನು ತಾವೇ ಕೇಳುವ ಅಭ್ಯಾಸ ಅವರಿಗಿರಲಿಲ್ಲ. ಆಮೇಲೆ ಹೆಂಡತಿಯನ್ನು ಹಿಡಿದರು. ಆಕೆ ಕಾರು ಓಡಿಸುವುದನ್ನು ಕಲಿಸುವವಳು. ಎದುರಿಗೆ ಲಾರಿ ಬಂದರೂ ದನಿ ಏರಿಸದೆ "ಕನ್ನಡಿ ನೋಡಿ, ಬ್ರೇಕ್ ಹಿಡೀರಿ" ಎಂದು ಹೇಳಬಲ್ಲವಳು.

"ನಾಲ್ಕೇ ನಾಲ್ಕು ಮಾತು ಕಣೇ. ನಿಧಾನಕ್ಕೆ ಹೇಳು, ಆದ್ರೆ ಕೇಳಿದ್ರೆ ಎದೆ ಝಲ್ಲೆನ್ನಬೇಕು."

ಆಕೆ ಪಲ್ಯಕ್ಕೆ ಹೆಚ್ಚುತ್ತಲೇ ಹೇಳಿ ಮುಗಿಸಿದಳು. ಮೂಲೆ ನೋಡಿ. ಮನೆ ಸಾಲದು, ಇನ್ನೊಂದು ಕಟ್ಟಿ. ಸುಮ್ಮನೆ ಕೂತವರನ್ನ ಎಬ್ಬಿಸಿ. ಹಿಂದೆ ಯಾರೋ ಬಂದಿದ್ದಾರೆ. ಇಪ್ಪತ್ತು ಸೆಕೆಂಡಿಗೊಂದರಂತೆ ಮತ್ತೆ ಮತ್ತೆ ಬರುವ ಹಾಗೆ ಯಜಮಾನರು ಅದನ್ನು ಫೋನಿನಲ್ಲಿ ಜೋಡಿಸಿಕೊಂಡರು.

ಮರುದಿನ ಮಧ್ಯಾಹ್ನ ಅಂಗಡಿಗೆ ಬಿಡುವಿದ್ದಾಗ ಮನೆಗೆ ಬಂದು, ಕಿಟಕಿಯ ಪರದೆ ಎಳೆದು, ಫೋನನ್ನು ಮೇಜಿನ ಮೇಲಿಟ್ಟು ದನಿಯನ್ನು ಚಾಲೂ ಮಾಡಿದರು. ಫೋನು ತುಟಿ ಬಿಚ್ಚಲಿಲ್ಲ. ಎತ್ತಿ ಅಲ್ಲಾಡಿಸಿದರು, ಅಂಗೈಗೆ ಬಡಿದರು. ಫೋನಿನ ಪರದೆಯ ಮೇಲೆ ಗೆರೆ ಓಡುತ್ತಿತ್ತು, ಸದ್ದು ಮಾತ್ರ ಇಲ್ಲ. "ನಿನ್ನೆ ಚೆನ್ನಾಗಿತ್ತು, ಇವತ್ತು ಇದರ ಗಂಟಲು ಕಟ್ಟಿತು," ಎಂದು ಬೈದು ಅದನ್ನು ಹಾಗೇ ಬಿಟ್ಟು ಆಟಕ್ಕೆ ಕೂತರು.

ಮನೆಯಲ್ಲಿ ಆಗ ಇದ್ದವರು ಇನ್ನೊಬ್ಬರೇ, ಹೆಂಡತಿಯ ತಂದೆ. ಮಾವನವರು ಊರಿನ ನೀರಿನ ಕೊಳವೆಗಳ ವಾಲ್ವ್ ತಿರುಗಿಸುತ್ತ ಮೂವತ್ತೈದು ವರ್ಷ ದುಡಿದವರು. ಮಾತು ಕಡಿಮೆ. ಅತ್ತೆ ತೀರಿಕೊಂಡು ವರ್ಷವಾಗಿತ್ತು, ಅಲ್ಲಿಂದ ಅದೂ ನಿಂತಂತಾಗಿತ್ತು. ಕಿವಿ ಮಂದವಾಗಿದೆಯೆಂದು ಹಿಂದಿನ ದಿನವಷ್ಟೇ ಯಜಮಾನರು ಹೊಸ ಕಿವಿಯಂತ್ರ ತಂದು, ಅದರ ಸದ್ದು ಹೆಚ್ಚು ಕಡಿಮೆ ಮಾಡಲು ಮಾವನ ಹತ್ತಿರ ಫೋನಿಲ್ಲವಲ್ಲ ಎಂದು ತಮ್ಮ ಫೋನಿನಿಂದಲೇ ಎಲ್ಲ ಹೊಂದಿಸಿ ಕೊಟ್ಟಿದ್ದರು.

ಆಟ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಪಡಸಾಲೆಯಿಂದ ಮಾವನ ದನಿ ಕೇಳಿಸಿತು.

"ನೋಡಿದೆ. ಅಲ್ಲೇನೂ ಇಲ್ಲ."

ಬಾಗಿಲಿಗೆ ಯಾರಾದರೂ ಬಂದರೇನೋ ಎಂದು ಯಜಮಾನರು ಇಣುಕಿದರು. ಬಾಗಿಲು ಹಾಕಿತ್ತು. ಮಾವ ಕುರ್ಚಿಯಲ್ಲಿ ಕೂತು ಗೋಡೆಯ ಖಾಲಿ ಮೂಲೆಯನ್ನೇ ನೋಡುತ್ತಿದ್ದರು. ವಯಸ್ಸಾದವರು, ಇರಲಿ ಎಂದು ಯಜಮಾನರು ಒಳಗೆ ಬಂದರು.

"ಈಗ ಯಾಕೆ ಇನ್ನೊಂದು ಮನೆ?" ಎಂದಿತು ಮತ್ತೆ ಅದೇ ದನಿ, ತೀರಾ ಮೆಲ್ಲಗೆ. "ಇರೋಕೆ ನೀನೇ ಇಲ್ಲ."

ಯಜಮಾನರು ಕೂತಲ್ಲಿಂದಲೇ ಕತ್ತು ಚಾಚಿ ಪಡಸಾಲೆಯತ್ತ ನೋಡಿದರು. ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಕುರ್ಚಿ ಕಿರುಗುಟ್ಟಿತು. ಮಾವ ಎದ್ದು ನಿಂತರು. ಎಲ್ಲಿಗೂ ಹೋಗಲಿಲ್ಲ, ಸುಮ್ಮನೆ ನಿಂತರು. ಆಮೇಲೆ ನಿಧಾನವಾಗಿ ಹಿಂದಕ್ಕೆ ತಿರುಗಿ ಕೇಳಿದರು, "ಹಿಂದೆ ಯಾರು ಬಂದಿರೋದು?"

ಯಜಮಾನರು ಬೆಚ್ಚಿ ತಾವೂ ಹಿಂದೆ ನೋಡಿದರು. ಯಾರೂ ಇಲ್ಲ. ಹೆದರಿದ ಕಣ್ಣು ಕಂಪ್ಯೂಟರಿನ ಪರದೆಯ ಮೇಲೆಲ್ಲ ಓಡಾಡಿ ಎಡ ಮೂಲೆಗೆ ಬಿತ್ತು. ಅಲ್ಲಿ, ಅವರ ಊರಿನ ಬೆನ್ನಿಗೆ, ಆರು ಕೆಂಪು ಚುಕ್ಕೆಗಳು ತೆವಳಿಕೊಂಡು ಬರುತ್ತಿದ್ದವು.

ಅವತ್ತು ಉಕ್ಕಿನ ಹದ್ದು ಗೆದ್ದಿತು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದುಕೊಂಡು ಯಜಮಾನರು ಸುಮ್ಮನಾದರು. ಆದರೆ ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ಅಭ್ಯಾಸಬಲದಿಂದ ಅವರು ದಿನವೂ ಆ ಮೂಕ ಫೋನನ್ನು ಒತ್ತಿ, ಅದಕ್ಕೆರಡು ಬೈದು ಆಟಕ್ಕೆ ಕೂರುವರು. ಮಾವ ಪಡಸಾಲೆಯಿಂದ "ಮೂಲೇಲಿ ಏನಿದೆ?" ಎನ್ನುವರು. ಯಜಮಾನರು ಮೂಲೆ ನೋಡಿದರೆ ಶತ್ರು ಇರುವನು. ಮಾವ "ಎದ್ದೆ, ಎದ್ದೆ" ಎನ್ನುವರು. ನೋಡಿದರೆ ಗಣಿಯ ಪಕ್ಕ ನಾಲ್ಕು ಆಳುಗಳು ಕೈಕಟ್ಟಿ ನಿಂತಿರುವರು. ಗೋಡೆಯಾಚೆ ಕೂತ ಮುದುಕರಿಗೆ, ಪರದೆಯನ್ನೇ ನೋಡದೆ, ಇದೆಲ್ಲ ಗೊತ್ತಾಗುವುದಾದರೂ ಹೇಗೆ?

ಭಯ ಅವರನ್ನು ಅಂಗಡಿಯವರೆಗೂ ಹಿಂಬಾಲಿಸಿತು. ಅಲ್ಲಿ ಗೋಡೆಯ ತುಂಬ ಕನ್ನಡಕ, ನಡುನಡುವೆ ಕನ್ನಡಿ. ಗಿರಾಕಿಯ ಮೂಗಿನ ಮೇಲೆ ಚೌಕಟ್ಟು ಕೂರಿಸುತ್ತಿದ್ದಾಗ, ಕನ್ನಡಿಯೊಳಗೆ ತಮ್ಮ ಹಿಂದೆ ಯಾರೋ ಸರಿದ ಹಾಗಾಗಿ ತಿರುಗಿ ನೋಡುವರು.

"ಏನ್ ಹುಡುಕ್ತಾ ಇದ್ದೀರಿ?" ಎಂದು ಒಬ್ಬ ಗಿರಾಕಿ ಕೇಳಿಯೇ ಬಿಟ್ಟ.

"ಏನಿಲ್ಲ. ನೀವು ಕೊನೇ ಸಾಲು ಓದಿ."

ಹೆದರಿಕೆ ಎಷ್ಟೇ ಇದ್ದರೂ ಗೆಲುವಿನ ರುಚಿ ಅದಕ್ಕಿಂತ ದೊಡ್ಡದು. ಏಳು ಆಟ ಸತತವಾಗಿ ಗೆದ್ದಾಗ ಯಜಮಾನರು ಮಾವನ ಕುರ್ಚಿಯನ್ನು ಪಡಸಾಲೆಯಿಂದ ತಮ್ಮ ಕೋಣೆಯ ಬಾಗಿಲಿಗೇ ತಂದು ಹಾಕಿದರು. ಬೆನ್ನಿಗೆ ದಿಂಬು ಕೊಟ್ಟರು, ಕೇಳುವ ಮೊದಲೇ ಚಹಾ ತಂದಿಟ್ಟರು. ಕಿವಿಯಂತ್ರದ ಬ್ಯಾಟರಿ ಮುಗಿಯುವ ಮುಂಚೆಯೇ ಬದಲಿಸಿದರು.

"ನನ್ನಪ್ಪನ ಮೇಲೆ ಎಲ್ಲಿಂದ ಬಂತು ಇಷ್ಟು ಭಕ್ತಿ?" ಎಂದಳು ಹೆಂಡತಿ.

"ಹಿರಿಯರ ಸೇವೆ ಮಾಡಬೇಕು ಕಣೇ."

"ಅಪ್ಪ ಊಟಾನೇ ಸರಿಯಾಗಿ ಮಾಡ್ತಿಲ್ಲ. ತಮ್ಮ ಪಕ್ಕ ಇನ್ನೊಂದು ಕುರ್ಚಿ ಹಾಕಿಸ್ಕೊಂಡಿದ್ದಾರೆ. ಅದರಲ್ಲಿ ಯಾರಿಗೂ ಕೂರೋಕೆ ಬಿಡಲ್ಲ. ನೀವು ಮಧ್ಯಾಹ್ನ ಮನೇಲೇ ಇರ್ತೀರಲ್ಲ, ಏನಾದ್ರೂ ಗಮನಿಸಿದ್ರಾ?"

"ಇಲ್ವಲ್ಲ," ಎಂದರು ಯಜಮಾನರು. ಮುದುಕರು ಗಾಳಿಯ ಜೊತೆ ಮಾತಾಡಿಕೊಂಡು ಸೊರಗುತ್ತಿರುವುದನ್ನು ಕಂಡೂ ಕಾಣದಂತೆ ಇರುವುದು ಅವರಿಗೆ ನಾಚಿಕೆಯೆನಿಸಿತು. ಆದರೆ ಬೆಳ್ಳಿ ದರ್ಜೆಗೆ ಇನ್ನು ಒಂದೇ ಗೆಲುವು ಬಾಕಿ ಇತ್ತು. ಭಾನುವಾರ ಕಳೆಯಲಿ, ಸೋಮವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋದರಾಯಿತು ಎಂದು ಅವರು ತಮ್ಮ ಮನಸ್ಸಿಗೆ ತಾವೇ ಲಂಚ ಕೊಟ್ಟರು.

ಶನಿವಾರ ಮಧ್ಯಾಹ್ನ ಕಾರು ಕೆಟ್ಟು ಪಾಠ ನಿಂತದ್ದರಿಂದ ಹೆಂಡತಿ ಬೇಗ ಮನೆಗೆ ಬಂದಳು. ಯಜಮಾನರು ಆಗಷ್ಟೇ ಫೋನು ಒತ್ತಿ ಕೂತಿದ್ದರು, ಆಟ ಇನ್ನೂ ಶುರುವಾಗಿರಲಿಲ್ಲ. ಬಾಗಿಲಲ್ಲಿ ಕೂತ ತಂದೆ ಇದ್ದಕ್ಕಿದ್ದಂತೆ ಕತ್ತು ತಿರುಗಿಸಿ ಮೂಲೆ ನೋಡಿದ್ದನ್ನು ಆಕೆ ನೋಡಿದಳು. ಸ್ವಲ್ಪ ಹೊತ್ತಿಗೆ ಅವರು "ಎದ್ದೆ, ಎದ್ದೆ" ಎನ್ನುತ್ತ ಎದ್ದು ನಿಂತದ್ದನ್ನೂ ನೋಡಿದಳು.

"ಅಪ್ಪಾ, ಯಾರ ಜೊತೆ ಮಾತಾಡ್ತಿದ್ದೀಯ?"

ಮಾವ ಮಗಳ ಮುಖ ನೋಡಿದರು. ಹೇಳಲೋ ಬೇಡವೋ ಎಂಬಂತೆ ತಡೆದು, ಆಮೇಲೆ ಹೇಳಿದರು.

"ನಿಮ್ಮಮ್ಮ ಬರ್ತಾಳೆ. ದಿನಾ, ಈ ಹೊತ್ತಿಗೆ. ಕಿವೀಲೇ ಬಂದು ಮಾತಾಡ್ತಾಳೆ."

ಯಜಮಾನರು ಮೌಸು ಬಿಟ್ಟು ತಿರುಗಿದರು. ಹೆಂಡತಿ ಹತ್ತಿರ ಬಂದಳು. ತಂದೆಯ ಎಡಗಿವಿಯಿಂದ ಯಂತ್ರವನ್ನು ಮೆಲ್ಲನೆ ಬಿಡಿಸಿ ತನ್ನ ಕಿವಿಗೆ ಇಟ್ಟುಕೊಂಡಳು. ನಿಂತಲ್ಲೇ ನಿಂತಳು. ಆಕೆಯ ಮುಖದ ಬಣ್ಣ ಇಳಿಯುತ್ತ ಬಂದುದನ್ನು ಯಜಮಾನರು ಕಂಡರು. ಯಜಮಾನರಿಗೆ ತಾವು ನಂಬುವ ದೇವರೂ ನೆನಪಾಗಲಿಲ್ಲ.

"ಏನಂತೆ?" ಎಂದರು ಕೊನೆಗೆ.

"ಹಿಂದೆ ಯಾರೋ ಬಂದಿದ್ದಾರಂತೆ," ಎಂದಳು ಆಕೆ. ಒಂದು ಕ್ಷಣ ಬಿಟ್ಟು, ಕಾರಿನಲ್ಲಿ ಬ್ರೇಕ್ ಹಿಡಿಯಲು ಹೇಳುವ ಅದೇ ದನಿಯಲ್ಲಿ ಹೇಳಿದಳು. "ರೀ, ಇದು ನನ್ನ ಧ್ವನಿ. ನಿಮ್ಮ ಫೋನ್ ಕೊಡಿ ಇಲ್ಲಿ."

ಫೋನು ಮೂಕವಾಗಿರಲಿಲ್ಲ. ಕಿವಿಯಂತ್ರ ಹೊಂದಿಸುವಾಗ ಬೆಸೆದ ನಂಟು ಬಿಡದೆ, ಮೊದಲ ದಿನದಿಂದಲೂ ಅದು ಕಿವಿಯಂತ್ರಕ್ಕೇ ಮಾತಾಡುತ್ತಿತ್ತು. ಮಗಳ ದನಿ ಥೇಟ್ ತಾಯಿಯದೇ. ಅತ್ತೆ ಇದ್ದಾಗ ಫೋನೆತ್ತಿದ್ದು ಯಾರೆಂದು ಯಜಮಾನರೇ ಎಷ್ಟೋ ಸಲ ಮೋಸ ಹೋಗಿದ್ದರು. ಅವರು ಕುರ್ಚಿಯಿಂದ ಇಳಿದು ಮಾವನ ಎದುರು ನೆಲದ ಮೇಲೆ ಕೂತು, ಒಂದೂ ಬಿಡದೆ ಎಲ್ಲ ಒಪ್ಪಿಕೊಂಡರು. ಏಳು ಗೆಲುವಿನ ವಿಷಯವನ್ನೂ ಹೇಳಿದರು.

ಮಾವ ಪೂರ್ತಿ ಕೇಳಿದರು.

"ಬದುಕಿದ್ದಾಗ ಅವಳು ಒಂದು ಮಾತು ನಾಲ್ಕು ಸಲ ಹೇಳಿದ್ರೂ ನಾನು ತಿರುಗಿ ನೋಡ್ತಿರಲಿಲ್ಲ. ಈಗಲಾದ್ರೂ ನೋಡೋಣ ಅಂತ ಇಷ್ಟು ದಿನ ನೋಡಿದೆ," ಎಂದು ಹೇಳಿ ಇನ್ನೊಂದು ಕಿವಿಯ ಯಂತ್ರವನ್ನೂ ತೆಗೆದು ಡಬ್ಬಿಯಲ್ಲಿಟ್ಟು, ಮುಖ ತೊಳೆಯಲು ಹೋದರು. ಆ ಸಂಜೆಯೆಲ್ಲ ಯಜಮಾನರಿಗೆ ಯಾರ ಮುಖ ನೋಡಲೂ ಧೈರ್ಯ ಬರಲಿಲ್ಲ.

ಭಾನುವಾರ ಗಡುವಿನ ದಿನ. "ಆಡಿ ಮುಗಿಸಿ," ಎಂದಳು ಹೆಂಡತಿ. "ಅಪ್ಪನ್ನ ಅಷ್ಟು ಗೋಳು ಹೊಯ್ಕೊಂಡಿದ್ದಕ್ಕೆ ಏನಾದ್ರೂ ದಕ್ಕಿತಾ ನೋಡೋಣ." ಈಗ ಫೋನಿನ ನಂಟು ಕಿವಿಯಂತ್ರಕ್ಕಿರಲಿಲ್ಲ. ಯಜಮಾನರು ತಮ್ಮ ಕಿವಿಗೇ ಇಯರ್‌ಫೋನ್ ಸಿಕ್ಕಿಸಿಕೊಂಡರು. ಅಂತೂ ಉಪಾಯ ಅವರು ಎಣಿಸಿದ್ದ ಹಾಗೇ ಕೆಲಸ ಮಾಡತೊಡಗಿತು. ಹೆಂಡತಿಯ ದನಿ ಸ್ಪಷ್ಟವಾಗಿ, ತಪ್ಪದೆ ಕಿವಿಯೊಳಗೆ ಬರುತ್ತಿತ್ತು. ಮೂಲೆ ನೋಡಿ.

"ಹೂಂ," ಎಂದರು ಯಜಮಾನರು, ಕಾಳಗ ನೋಡುತ್ತ.

ಮನೆ ಸಾಲದು, ಇನ್ನೊಂದು ಕಟ್ಟಿ.

"ಆಯ್ತು ಮಾರಾಯ್ತಿ, ಆಮೇಲೆ."

ಸುಮ್ಮನೆ ಕೂತವರನ್ನ ಎಬ್ಬಿಸಿ. ಹಿಂದೆ ಯಾರೋ ಬಂದಿದ್ದಾರೆ.

"ಹೂಂ, ಹೂಂ."

ಹದಿನೆಂಟು ವರ್ಷದ ಸಂಸಾರದಲ್ಲಿ ಪಳಗಿದ ಕಿವಿ ಅದು. ಒಂಬತ್ತೇ ನಿಮಿಷಕ್ಕೆ ಉಕ್ಕಿನ ಹದ್ದಿನ ಊರು ಬೂದಿಯಾಯಿತು.

ಬೆನ್ನ ಹಿಂದೆ ನಿಂತಿದ್ದ ಹೆಂಡತಿ ಉದ್ದಕ್ಕೆ ಉಸಿರು ಬಿಟ್ಟಳು. "ನನ್ನ ಮಾತು ನಮ್ಮಪ್ಪನ ಬಾಯಿಂದ ಬಂದ್ರೇನೇ ನಿಮ್ಮ ತಲೆಗೆ ಹೋಗೋದು ಅಂತಾಯ್ತು."

ಮಾವನವರು ಕಿವಿಯಂತ್ರ ಹಾಕಿಕೊಂಡು ನಿಧಾನವಾಗಿ ಒಳಗೆ ಬಂದು, ಅಳಿಯನ ಹೆಗಲ ಮೇಲೆ ಕೈಯಿಟ್ಟರು.

"ಸೋತ್ರಾ?"

"ಸೋತೆ ಮಾವ. ನಿಮಗೂ ತೊಂದರೆ ಕೊಟ್ಟೆ."

"ಇರಲಿ ಬಿಡಿ. ನಾನು ಅದಕ್ಕೇ ಏನೂ ಅನ್ನಲಿಲ್ಲ. ನಿಮ್ಮತ್ತೆ ಮೊದಲನೇ ದಿನಾನೇ ಹೇಳಿದ್ಲಲ್ಲ."

"ಏನಂತ?" ಎಂದಳು ಹೆಂಡತಿ.

"ಭಾನುವಾರ ಅಳಿಯಂದ್ರು ಸೋಲ್ತಾರೆ, ಪಾಪ, ಅವರಿಗೆ ಏನೂ ಅನ್ನೋಕೆ ಹೋಗಬೇಡಿ ಅಂತ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಯಜಮಾನರು ಇಯರ್‌ಫೋನ್ ಕಿತ್ತು ಫೋನನ್ನು ಮೇಜಿನ ಮೇಲಿಟ್ಟು, ಆ ದನಿಯನ್ನು ಮೊದಲಿನಿಂದ ಹಚ್ಚಿದರು. ಮೂವರೂ ಕೂತು ಕೇಳಿದರು. ಮೂಲೆ ಬಂತು, ಮನೆ ಬಂತು, ಸುಮ್ಮನೆ ಕೂತವರು ಬಂದರು, ಹಿಂದೆ ಯಾರೋ ಬಂದರು. ಆಮೇಲೆ ಮತ್ತೆ ಮೂಲೆಯೇ ಬಂತು.

"ಅಪ್ಪಾ," ಎಂದಳು ಹೆಂಡತಿ, ದನಿ ತಗ್ಗಿಸಿ. "ನಾನು ಹೇಳಿರೋದು ಈ ನಾಲ್ಕೇ ಮಾತು."

"ಹೌದಮ್ಮ," ಎಂದರು ಮಾವನವರು, ತಮ್ಮ ಪಕ್ಕದ ಕುರ್ಚಿಯ ದಿಂಬನ್ನು ಸರಿಮಾಡುತ್ತ. "ನಾಲ್ಕು ನಿನ್ನವು."